ಉಪಾಧ್ಯಕ್ಷರ ಕುರ್ಚಿಯಿಂದ ಮೇಲಿನ ಕುರ್ಚಿಗೆ: ಪಾಲ್ ಮಶಾಟಿಲೆ ಮತ್ತು ಎಎನ್‌ಸಿಯ ಹೊಸ ಲೆಕ್ಕ

ದಕ್ಷಿಣ ಆಫ್ರಿಕಾದ ರಾಷ್ಟ್ರಾಧ್ಯಕ್ಷ ಸಿರಿಲ್ ರಾಮಫೋಸಾ ಅವರ ಅವಧಿ 2029ರವರೆಗೂ ಇದೆ. ಆದರೂ ಅವರ ನಂತರ ಯಾರು ಎಂಬ ಪೈಪೋಟಿ ಈಗಲೇ ಜೋರಾಗಿದೆ. ಉಪಾಧ್ಯಕ್ಷ ಪಾಲ್ ಮಶಾಟಿಲೆ ಅವರೇ ಸಹಜ ವಾರಸುದಾರ ಎಂದು ಒಂದು ವರದಿ ಹೇಳಿದರೆ, ಅವರ ದಾರಿ ಬಹುತೇಕ ಮುಚ್ಚಿದೆ ಎಂದು ಇನ್ನೊಂದು ಹೇಳುತ್ತದೆ. ಆಡಳಿತ ಪಕ್ಷ ಎಎನ್‌ಸಿಯ (ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್) ಎರಡನೇ ನಾಯಕ ಅವರೇ, ಸರ್ಕಾರದಲ್ಲೂ ಎರಡನೇ ಸ್ಥಾನ ಅವರದೇ. ಹಾಗಿದ್ದ ಮೇಲೆ ಈ ಅನುಮಾನ ಎಲ್ಲಿಂದ ಬಂತು?

ಅಲ್ಲಿ ಅಧಿಕಾರ ಕೈಬದಲಾಗುವ ವಿಧಾನವೇ 2024ರಲ್ಲಿ ಬದಲಾಯಿತು. ಮೂವತ್ತು ವರ್ಷ ಎಎನ್‌ಸಿಯ ಅಧಿವೇಶನದಲ್ಲಿ ಗೆದ್ದವರೇ ದೇಶದ ಮುಖ್ಯಸ್ಥರಾಗುತ್ತಿದ್ದರು, ಸಂಸತ್ತು ಅದಕ್ಕೆ ಮುದ್ರೆ ಒತ್ತುತ್ತಿತ್ತು. ಮಶಾಟಿಲೆ ತಮ್ಮ ನಲವತ್ತು ವರ್ಷಗಳ ರಾಜಕೀಯವನ್ನು ಕಟ್ಟಿಕೊಂಡದ್ದು ಆ ಹಳೆಯ ವ್ಯವಸ್ಥೆಯೊಳಗೆ. ಅವರ ಸರದಿ ಬರುವ ಹೊತ್ತಿಗೆ ವ್ಯವಸ್ಥೆಯೇ ಬೇರೆಯಾಗಿದೆ.

ಎರಡು ಕುರ್ಚಿ, ಎರಡು ಕ್ಯಾಲೆಂಡರ್

ಮೊದಲು ಎರಡು ಹುದ್ದೆಗಳನ್ನು ಬಿಡಿಸಿ ನೋಡಬೇಕು. ಎಎನ್‌ಸಿಯ ಅಧ್ಯಕ್ಷರನ್ನು ಪಕ್ಷದ ರಾಷ್ಟ್ರೀಯ ಅಧಿವೇಶನ ಐದು ವರ್ಷಕ್ಕೊಮ್ಮೆ ಡಿಸೆಂಬರ್‌ನಲ್ಲಿ ಆರಿಸುತ್ತದೆ. ದೇಶದ ಅಧ್ಯಕ್ಷರನ್ನು 400 ಸದಸ್ಯರ ನ್ಯಾಷನಲ್ ಅಸೆಂಬ್ಲಿ ಆರಿಸುತ್ತದೆ. ಜನ ನೇರವಾಗಿ ಮತ ಹಾಕುವುದು ಪಕ್ಷಗಳಿಗೆ, 2024ರಿಂದ ಸ್ವತಂತ್ರ ಅಭ್ಯರ್ಥಿಗಳಿಗೂ; ಅಧ್ಯಕ್ಷರಿಗಲ್ಲ. ನಮ್ಮ ಲೋಕಸಭೆಯ ಬಹುಮತದ ನಾಯಕ ಪ್ರಧಾನಿಯಾಗುವಂತೆಯೇ ಇದು, ಆದರೆ ಒಂದು ವ್ಯತ್ಯಾಸವಿದೆ: ಅಧ್ಯಕ್ಷರಾಗಿ ಆಯ್ಕೆಯಾದ ಕೂಡಲೇ ಅವರ ಸಂಸತ್ ಸದಸ್ಯತ್ವ ಮುಗಿಯುತ್ತದೆ.

ಎರಡೂ ಚುನಾವಣೆಗಳ ನಡುವೆ ಸುಮಾರು ಒಂದೂವರೆ ವರ್ಷದ ಅಂತರವಿದೆ. ಪಕ್ಷದ ಮುಂದಿನ ಅಧಿವೇಶನ 2027ರ ಡಿಸೆಂಬರ್‌ನಲ್ಲಿ, ದೇಶದ ಚುನಾವಣೆ 2029ರಲ್ಲಿ. ಈ ಅಂತರದಲ್ಲಿ ಪಕ್ಷಕ್ಕೊಬ್ಬ ಅಧ್ಯಕ್ಷ, ದೇಶಕ್ಕೊಬ್ಬ ಅಧ್ಯಕ್ಷ ಎಂಬ ಸ್ಥಿತಿ ಬಂದಾಗ, ನೆಲ್ಸನ್ ಮಂಡೇಲಾ ಅವರನ್ನು ಬಿಟ್ಟರೆ, ಹಳಬರು ಅವಧಿ ಪೂರೈಸಿಲ್ಲ. ಥಾಬೊ ಎಂಬೆಕಿ 2007ರ ಡಿಸೆಂಬರ್‌ನಲ್ಲಿ ಪೊಲೊಕ್ವಾನೆ ಅಧಿವೇಶನದಲ್ಲಿ ಜೇಕಬ್ ಜುಮಾ ಎದುರು 1,505 ಮತಗಳಿಗೆ 2,329ರಂತೆ ಸೋತರು. ಒಂಬತ್ತು ತಿಂಗಳಲ್ಲಿ, 2008ರ ಸೆಪ್ಟೆಂಬರ್‌ನಲ್ಲಿ, ಪಕ್ಷ ಅವರನ್ನು ದೇಶದ ಹುದ್ದೆಯಿಂದಲೂ ಇಳಿಸಿತು. ಜುಮಾ ಅವರಿಗೆ ಅಷ್ಟು ಕಾಲವೂ ಸಿಗಲಿಲ್ಲ. 2017ರ ಡಿಸೆಂಬರ್‌ನಲ್ಲಿ ರಾಮಫೋಸಾ ಪಕ್ಷದ ಅಧ್ಯಕ್ಷರಾದರು, 2018ರ ಫೆಬ್ರವರಿ 14ರಂದು ಜುಮಾ ರಾಜೀನಾಮೆ ಕೊಟ್ಟರು.

ಪಕ್ಷದ ಕಾರ್ಯಕಾರಿ ಸಮಿತಿ ಅಧ್ಯಕ್ಷರನ್ನು ‘ವಾಪಸ್ ಕರೆಸಿಕೊಳ್ಳುವ’ ಈ ಪದ್ಧತಿಗೆ ಸಂವಿಧಾನದಲ್ಲಿ ಜಾಗವಿಲ್ಲ. ಆದರೂ ಅದು ಫಲಿಸುತ್ತಿತ್ತು. ಸಮಿತಿಯ ಮಾತು ಕೇಳದಿದ್ದರೆ ಮರುದಿನವೇ ಅವಿಶ್ವಾಸ ನಿರ್ಣಯ ಬರುತ್ತಿತ್ತು, ಅದನ್ನು ಗೆಲ್ಲಿಸುವಷ್ಟು ಸದಸ್ಯರು ಎಎನ್‌ಸಿಯ ಬಳಿಯೇ ಇದ್ದರು. ಸದಸ್ಯರೂ ಪಕ್ಷದ ಮಾತು ಮೀರುವಂತಿರಲಿಲ್ಲ. ಅವರು ಬಂದಿರುವುದು ಪಕ್ಷದ ಪಟ್ಟಿಯಿಂದ, ಪಕ್ಷದ ಸದಸ್ಯತ್ವ ಹೋದರೆ ಸಂಸತ್ತಿನ ಸ್ಥಾನವೂ ಹೋಗುತ್ತದೆ. ನಮ್ಮಲ್ಲಿ ರೆಸಾರ್ಟಿಗೆ ಹೋಗುವ ಶಾಸಕರಿಗೆ ಮರುಚುನಾವಣೆಯಲ್ಲಿ ಗೆದ್ದುಬರುವ ದಾರಿಯಿದೆ. ಅಲ್ಲಿ ಪಟ್ಟಿಯ ಮುಂದಿನ ಹೆಸರಿನವರು ಬಂದು ಆ ಸ್ಥಾನದಲ್ಲಿ ಕೂರುತ್ತಾರೆ.

ಅಲೆಕ್ಸಾಂಡ್ರಾದಿಂದ ಲುಥುಲಿ ಹೌಸ್‌ವರೆಗೆ

ಮಶಾಟಿಲೆ ಹುಟ್ಟಿದ್ದು 1961ರಲ್ಲಿ. ಬೆಳೆದದ್ದು ಜೊಹಾನ್ಸ್‌ಬರ್ಗ್‌ನ ಅಲೆಕ್ಸಾಂಡ್ರಾ ಟೌನ್‌ಶಿಪ್‌ನಲ್ಲಿ. ಇಕ್ಕಟ್ಟಾದ ಆ ಬಡ ಬಡಾವಣೆಯನ್ನೂ ಖಂಡದ ಅತಿ ಸಿರಿವಂತ ಪ್ರದೇಶಗಳಲ್ಲೊಂದಾದ ಸ್ಯಾಂಡ್‌ಟನ್ ಅನ್ನೂ ಬೇರ್ಪಡಿಸುವುದು ಒಂದು ಹೆದ್ದಾರಿ. 1983ರಲ್ಲಿ ಅಲೆಕ್ಸಾಂಡ್ರಾ ಯೂತ್ ಕಾಂಗ್ರೆಸ್ ಹುಟ್ಟಿದಾಗ ಅವರು ಅದರ ಮೊದಲ ಅಧ್ಯಕ್ಷರಾದರು. ವರ್ಣಭೇದ ಸರ್ಕಾರ ತುರ್ತು ಪರಿಸ್ಥಿತಿ ಹೇರಿದಾಗ 1985ರಿಂದ 1989ರವರೆಗೆ ವಿಚಾರಣೆಯೇ ಇಲ್ಲದೆ ಸೆರೆಯಲ್ಲಿದ್ದರು. ಆ ದಿನಗಳಿಂದ ಜೊತೆಗಿದ್ದ ಗೆಳೆಯರ ಬಳಗಕ್ಕೆ ಮುಂದೆ ‘ಅಲೆಕ್ಸ್ ಮಾಫಿಯಾ’ ಎಂಬ ಅಡ್ಡಹೆಸರು ಅಂಟಿತು. ಬೆಂಬಲಿಗರಿಗೆ ಅದು ಹೋರಾಟದ ನೆನಪು. ಟೀಕಾಕಾರರಿಗೆ ರಾಜಕೀಯವೂ ವ್ಯಾಪಾರವೂ ಬೆರೆತ ಕೂಟ.

1994ರ ನಂತರ ಅವರ ನೆಲ ಗೌಟೆಂಗ್ ಪ್ರಾಂತ್ಯ, ಅಂದರೆ ಜೊಹಾನ್ಸ್‌ಬರ್ಗ್ ಮತ್ತು ಪ್ರಿಟೋರಿಯಾ ಇರುವ, ದೇಶದ ಆರ್ಥಿಕತೆಯ ಹೃದಯ. ಅಲ್ಲಿ ವಸತಿ ಮತ್ತು ಹಣಕಾಸು ಖಾತೆಗಳನ್ನು ನೋಡಿಕೊಂಡರು. ಎಂಬೆಕಿ ಪತನದ ಗೊಂದಲದಲ್ಲಿ 2008ರ ಅಕ್ಟೋಬರ್‌ನಿಂದ 2009ರ ಮೇವರೆಗೆ ಪ್ರೀಮಿಯರ್, ನಮ್ಮ ಲೆಕ್ಕದಲ್ಲಿ ಮುಖ್ಯಮಂತ್ರಿ, ಆಗಿದ್ದರು. ಪಕ್ಷದ ಪ್ರಾಂತೀಯ ಅಧ್ಯಕ್ಷ ಸ್ಥಾನದಲ್ಲಿ 2007ರಿಂದ 2017ರವರೆಗೆ, ಪೂರ್ತಿ ಹತ್ತು ವರ್ಷ ಉಳಿದರು.

ಅವರ ವೃತ್ತಿಜೀವನದ ಕಷ್ಟದ ತಿರುವು 2012. ಮಂಗೌಂಗ್ ಅಧಿವೇಶನದಲ್ಲಿ ಜುಮಾ ವಿರುದ್ಧ ಆಗಿನ ಉಪಾಧ್ಯಕ್ಷ ಖಲೇಮಾ ಮೊಟ್ಲಾಂಟೆ ಅವರ ಪರ ನಿಂತರು. ಮೊಟ್ಲಾಂಟೆ ದೊಡ್ಡ ಅಂತರದಲ್ಲಿ ಸೋತರು, ಖಜಾಂಚಿ ಸ್ಥಾನಕ್ಕೆ ಸ್ಪರ್ಧಿಸಿದ್ದ ಮಶಾಟಿಲೆ ಕೂಡ ಸೋತರು. 2010ರಿಂದ ಕಲೆ ಮತ್ತು ಸಂಸ್ಕೃತಿ ಸಚಿವರಾಗಿದ್ದ ಅವರಿಗೆ 2014ರ ನಂತರ ಸಂಪುಟದಲ್ಲಿ ಜಾಗ ಸಿಗಲಿಲ್ಲ. ಸಂಸತ್ತಿನ ಸಮಿತಿಯೊಂದರ ಅಧ್ಯಕ್ಷತೆ ಸಿಕ್ಕಿತು. 2016ರಲ್ಲಿ ಮತ್ತೆ ಪ್ರಾಂತ್ಯಕ್ಕೆ ಹೋಗಿ ಸಚಿವರಾದರು. ಹೊರಗಿನಿಂದ ನೋಡಿದರೆ ಅದು ಹಿಂಬಡ್ತಿ. ಆದರೆ ಪಕ್ಷದ ಶಾಖೆಗಳು ಇರುವುದು ಪ್ರಾಂತ್ಯಗಳಲ್ಲಿ, ಮಂತ್ರಿಮಂಡಲದಲ್ಲಲ್ಲ. 2017ರ ಡಿಸೆಂಬರ್‌ನಲ್ಲಿ ಅವರು 2,517 ಮತ ಪಡೆದು ಪಕ್ಷದ ರಾಷ್ಟ್ರೀಯ ಖಜಾಂಚಿಯಾದರು.

ಪಕ್ಷದ ಹಣದ ಸ್ಥಿತಿ ಆಗ ಕೆಟ್ಟಿತ್ತು. 2021ರ ಏಪ್ರಿಲ್‌ನಲ್ಲಿ ರಾಜಕೀಯ ದೇಣಿಗೆ ಕಾಯ್ದೆ ಜಾರಿಗೆ ಬಂದು, 1,00,000 ರ‍್ಯಾಂಡ್ ಮೀರಿದ ದೇಣಿಗೆಯನ್ನು ಬಹಿರಂಗಪಡಿಸುವುದು ಕಡ್ಡಾಯವಾಯಿತು. ಹೆಸರು ಹೊರಬರುವುದನ್ನು ಬಯಸದ ದಾನಿಗಳು ಹಿಂದೆ ಸರಿದರು. ಪಕ್ಷದ ಕಚೇರಿ ಲುಥುಲಿ ಹೌಸ್‌ನ ನೌಕರರಿಗೆ ತಿಂಗಳ ಸಂಬಳವೇ ತಡವಾಗತೊಡಗಿತು, ಅವರು ಬೀದಿಗಿಳಿದರು. ಇದೇ ಹೊತ್ತಿಗೆ ಭ್ರಷ್ಟಾಚಾರದ ಆರೋಪಪಟ್ಟಿ ಎದುರಿಸುತ್ತಿದ್ದ ಪ್ರಧಾನ ಕಾರ್ಯದರ್ಶಿ ಏಸ್ ಮಗಾಶುಲೆ 2021ರ ಮೇನಲ್ಲಿ ಅಮಾನತಾದರು. ಅವರ ಕೆಲಸ ನೋಡುತ್ತಿದ್ದ ಉಪ ಪ್ರಧಾನ ಕಾರ್ಯದರ್ಶಿ ಜೆಸ್ಸಿ ಡುವಾರ್ಟೆ ಕಾಯಿಲೆ ಬಿದ್ದು 2022ರ ಜುಲೈನಲ್ಲಿ ತೀರಿಕೊಂಡರು. ಹೀಗೆ ಮೂರು ಹುದ್ದೆಗಳ ಕೆಲಸ ಒಬ್ಬರ ಮೇಜಿಗೆ ಬಂತು. ಸದಸ್ಯತ್ವದ ಕಡತ, ಶಾಖೆಗಳ ತಕರಾರು, ಪ್ರಾಂತೀಯ ಅಧಿವೇಶನಗಳ ಏರ್ಪಾಡು, ಎಲ್ಲವೂ ಮಶಾಟಿಲೆ ಕೈಯಲ್ಲಿ. ಮುಂದಿನ ಗೆಲುವು ತಯಾರಾದದ್ದು ಈ ತಿಂಗಳುಗಳಲ್ಲಿ ಎಂಬುದು ನನ್ನ ಓದು.

ಶಾಖೆಯ ಸಭೆಯಲ್ಲಿ ನಡೆಯುವುದೇನು

ಎಎನ್‌ಸಿ ಅಧಿವೇಶನದ ಮತದಾರರಲ್ಲಿ ಕನಿಷ್ಠ ಶೇ 90ರಷ್ಟು ಜನ ಶಾಖೆಗಳ ಪ್ರತಿನಿಧಿಗಳಾಗಿರಬೇಕು ಎಂದು ಪಕ್ಷದ ನಿಯಮ ಹೇಳುತ್ತದೆ. ಶಾಖೆ ಎಂದರೆ ಒಂದು ವಾರ್ಡಿನ ಘಟಕ. ಅದಕ್ಕೆ ಶುಲ್ಕ ಕಟ್ಟಿದ ಕನಿಷ್ಠ 100 ಸದಸ್ಯರು ಬೇಕು. ನಾಮನಿರ್ದೇಶನದ ಸಭೆಗೆ ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬಂದರೆ ಮಾತ್ರ ಕೋರಂ. 100 ಜನರ ಶಾಖೆಯಾದರೆ 51. ಆ ಸಭೆಯಲ್ಲಿ ಪಕ್ಷದ ಉನ್ನತ ಹುದ್ದೆಗಳಿಗೆ ಹೆಸರು ಸೂಚಿಸುತ್ತಾರೆ, ಅಧಿವೇಶನಕ್ಕೆ ಹೋಗುವವರನ್ನೂ ಆರಿಸುತ್ತಾರೆ. ಸದಸ್ಯರು ಹೆಚ್ಚಿದ್ದರೆ ಪ್ರತಿನಿಧಿಗಳೂ ಹೆಚ್ಚು.

ಎಡವಟ್ಟುಗಳು ಶುರುವಾಗುವುದೂ ಇಲ್ಲಿಂದಲೇ. ಶುಲ್ಕ ಚಿಕ್ಕದು. ದುಡ್ಡಿದ್ದವರು ನೂರಾರು ಜನರ ಪರವಾಗಿ ಅದನ್ನು ಕಟ್ಟಿ ಶಾಖೆಯನ್ನು ಉಬ್ಬಿಸಬಹುದು. ಎದುರಾಳಿಗಳಿಗೆ ತಿಳಿಯದಂತೆ ಸಭೆಯ ಸಮಯ, ಜಾಗ ಬದಲಾಯಿಸಬಹುದು. ಬಾರದವರ ಸಹಿ ಹಾಕಿಸಿ ಕೋರಂ ತೋರಿಸಬಹುದು. ಸೋತ ಬಣ ಪಕ್ಷದ ಮೇಲ್ಮನವಿ ಸಮಿತಿಗೆ, ಅಲ್ಲೂ ಆಗದಿದ್ದರೆ ಕೋರ್ಟಿಗೆ ಹೋಗುತ್ತದೆ. 2015ರ ಕ್ವಾಜುಲು-ನಟಾಲ್ ಪ್ರಾಂತೀಯ ಅಧಿವೇಶನವನ್ನು ಪೀಟರ್‌ಮಾರಿಟ್ಜ್‌ಬರ್ಗ್ ಹೈಕೋರ್ಟ್ 2017ರ ಸೆಪ್ಟೆಂಬರ್‌ನಲ್ಲಿ ಅಸಿಂಧುಗೊಳಿಸಿತು. ಅದಾಗಿ ಮೂರು ತಿಂಗಳಿಗೆ ನಡೆದ ರಾಷ್ಟ್ರೀಯ ಅಧಿವೇಶನದಲ್ಲಿ ರಾಮಫೋಸಾ ಗೆದ್ದ ಅಂತರ 179 ಮತ. ಅಷ್ಟು ಸಣ್ಣ ಅಂತರವಿದ್ದಾಗ ಯಾವ ಪ್ರಾಂತ್ಯದ ಎಷ್ಟು ಜನ ಒಳಗೆ ಕೂತರು ಎಂಬುದೇ ಫಲಿತಾಂಶವನ್ನು ನಿರ್ಧರಿಸಬಲ್ಲದು.

ಇನ್ನೊಂದು ಸಂಗತಿ: ಶಾಖೆ ಒಂದು ಹೆಸರು ಸೂಚಿಸಿದರೂ ಅಧಿವೇಶನದ ಮತ ಗುಪ್ತ. 2022ರ ಉಪಾಧ್ಯಕ್ಷ ಸ್ಥಾನದ ಚುನಾವಣೆಯನ್ನೇ ನೋಡಿ. ನಾಮನಿರ್ದೇಶನದ ಹಂತದಲ್ಲಿ ಮಶಾಟಿಲೆ ಹೆಸರನ್ನು 1,791 ಶಾಖೆಗಳು ಸೂಚಿಸಿದ್ದವು. ಆಗಿನ ನ್ಯಾಯಾಂಗ ಸಚಿವ ರೊನಾಲ್ಡ್ ಲಮೋಲಾ ಅವರಿಗೆ 427, ಈಸ್ಟರ್ನ್ ಕೇಪ್‌ನ ಪ್ರೀಮಿಯರ್ ಆಸ್ಕರ್ ಮಬುಯಾನೆ ಅವರಿಗೆ 397. ಸ್ಪರ್ಧೆಯೇ ಇಲ್ಲ ಎನಿಸುವ ಅಂಕಿ. ಮತ ಎಣಿಸಿದಾಗ ಮಶಾಟಿಲೆ 2,178, ಮಬುಯಾನೆ 1,858, ಲಮೋಲಾ 315. ಶಾಖೆಗಳ ಲೆಕ್ಕಕ್ಕೂ ಪ್ರತಿನಿಧಿಗಳ ಲೆಕ್ಕಕ್ಕೂ ನೇರ ಹೋಲಿಕೆ ಸಲ್ಲದು, ನಿಜ. ಆದರೂ ನಾಮನಿರ್ದೇಶನದಲ್ಲಿ ಮೂರನೆಯವರಾಗಿದ್ದ ವ್ಯಕ್ತಿ ಗೆಲುವಿನ ಹತ್ತಿರಕ್ಕೆ ಬಂದರು. ಅಧಿವೇಶನದ ಹಿಂದಿನ ರಾತ್ರಿಗಳಲ್ಲಿ ಪ್ರಾಂತ್ಯಗಳ ನಡುವೆ ‘ಸ್ಲೇಟ್’ ಒಪ್ಪಂದಗಳಾಗುತ್ತವೆ: ನಮ್ಮವರಿಗೆ ಈ ಹುದ್ದೆ, ನಿಮ್ಮವರಿಗೆ ಆ ಹುದ್ದೆ. ರಾಮಫೋಸಾ ಬಣದ ಮತ ಹೆಚ್ಚಾಗಿ ಮಬುಯಾನೆ ಕಡೆ ಹರಿಯಿತು. ಮಶಾಟಿಲೆ ಚಲಾವಣೆಯಾದ ಮತಗಳಲ್ಲಿ ಅರ್ಧದ ಗೆರೆಯನ್ನು ಕೂದಲೆಳೆಯಷ್ಟರಲ್ಲಿ ದಾಟಿದರು. ಹಾಗಾಗಿ ಅವರು ರಾಮಫೋಸಾ ಆರಿಸಿಕೊಂಡ ಉತ್ತರಾಧಿಕಾರಿಯಲ್ಲ, ತಮ್ಮದೇ ಬಲದಿಂದ ಪಕ್ಕದ ಕುರ್ಚಿಗೆ ಬಂದವರು.

ಉಪಾಧ್ಯಕ್ಷ ಸ್ಥಾನ ಎಷ್ಟು ಗಟ್ಟಿ ಮೆಟ್ಟಿಲು?

ಉಪಾಧ್ಯಕ್ಷರೇ ಮುಂದೆ ಅಧ್ಯಕ್ಷರಾಗುವುದು ಎಎನ್‌ಸಿಯ ಸಂಪ್ರದಾಯ ಎಂದು ಮಶಾಟಿಲೆ ಬೆಂಬಲಿಗರು ಹೇಳುತ್ತಾರೆ. 1994ರಿಂದ ಅವರಿಗಿಂತ ಮೊದಲು ಆ ಸ್ಥಾನದಲ್ಲಿದ್ದವರು ಐವರು. ಎಂಬೆಕಿ, ಜುಮಾ, ರಾಮಫೋಸಾ ಪಕ್ಷದ ಅಧ್ಯಕ್ಷರಾದರು. ಮೊಟ್ಲಾಂಟೆ ಸುಮಾರು ಎಂಟು ತಿಂಗಳು ದೇಶದ ಅಧ್ಯಕ್ಷರಾಗಿದ್ದರೂ ಪಕ್ಷದ ಚುಕ್ಕಾಣಿ ಸಿಗಲಿಲ್ಲ. ಡೇವಿಡ್ ಮಬೂಜಾ 2022ರಲ್ಲಿ ಕಣದಲ್ಲೇ ಉಳಿಯಲಿಲ್ಲ. ಐವರಲ್ಲಿ ಮೂವರು ಎಂದರೆ ಒಲವು ಇದೆ, ಖಾತ್ರಿಯಿಲ್ಲ.

ದೇಶದ ಉಪಾಧ್ಯಕ್ಷ ಸ್ಥಾನವಂತೂ ಪೂರ್ತಿ ಅಧ್ಯಕ್ಷರ ಇಚ್ಛೆಗೆ ಬಿಟ್ಟದ್ದು. ನೇಮಿಸುವವರೂ ಅವರೇ, ತೆಗೆಯುವವರೂ ಅವರೇ. ಎಂಬೆಕಿ 2005ರ ಜೂನ್‌ನಲ್ಲಿ ಜುಮಾ ಅವರನ್ನು ಸರ್ಕಾರದಿಂದ ಕಿತ್ತುಹಾಕಿದಾಗ, ಪಕ್ಷದ ಉಪಾಧ್ಯಕ್ಷ ಸ್ಥಾನ ಜುಮಾ ಅವರಿಗೇ ಉಳಿಯಿತು. ಅದೇ ನೆಲೆಯಿಂದ ಅವರು ತಿರುಗಿ ಬಂದರು. ಮಶಾಟಿಲೆ ಕೂಡ 2022ರ ಡಿಸೆಂಬರ್‌ನಲ್ಲಿ ಪಕ್ಷದ ಉಪಾಧ್ಯಕ್ಷರಾದರೂ, ಮಬೂಜಾ ರಾಜೀನಾಮೆ ಕೊಟ್ಟು, ತಾವು ಸಂಸತ್ ಸದಸ್ಯರಾಗಿ, 2023ರ ಮಾರ್ಚ್ 7ರಂದು ಪ್ರಮಾಣ ವಚನ ಸ್ವೀಕರಿಸುವವರೆಗೆ ಕಾಯಬೇಕಾಯಿತು.

ಪರ ಮತ್ತು ವಿರೋಧದ ವಾದ

ಅವರ ಪರ ಇರುವವರು ಹೇಳುವುದು: ಟೌನ್‌ಶಿಪ್‌ನಿಂದ ಬಂದವರು, ಸೆರೆವಾಸ ಅನುಭವಿಸಿದವರು, ಪ್ರಾಂತ್ಯ, ಸಂಪುಟ, ಪಕ್ಷದ ಕಚೇರಿ ಮೂರನ್ನೂ ಬಲ್ಲವರು. ಜುಮಾ ಪ್ರಭಾವ ಏರುಗತಿಯಲ್ಲಿದ್ದಾಗ ಎದುರು ನಿಂತು ಬೆಲೆ ತೆತ್ತವರು. ಗೌಟೆಂಗ್‌ನ ಹೆದ್ದಾರಿಗಳಲ್ಲಿ 2013ರ ಡಿಸೆಂಬರ್‌ನಿಂದ ಶುರುವಾದ ಎಲೆಕ್ಟ್ರಾನಿಕ್ ಟೋಲ್ ಅನ್ನು ಅವರ ಪ್ರಾಂತೀಯ ಘಟಕ ತಮ್ಮದೇ ಕೇಂದ್ರ ಸರ್ಕಾರದ ವಿರುದ್ಧ ವಿರೋಧಿಸಿತ್ತು. 2024ರ ಏಪ್ರಿಲ್‌ನಲ್ಲಿ ಆ ಟೋಲ್ ರದ್ದಾಯಿತು.

ವಿರೋಧಿಗಳ ಮೊದಲ ವಾದ ಮತಪೆಟ್ಟಿಗೆಯದು. ಅವರು ಗೌಟೆಂಗ್ ಘಟಕದ ಅಧ್ಯಕ್ಷರಾಗಿದ್ದ ಕಾಲದಲ್ಲೇ, 2016ರ ಸ್ಥಳೀಯ ಚುನಾವಣೆಯಲ್ಲಿ, ಜೊಹಾನ್ಸ್‌ಬರ್ಗ್ ಮತ್ತು ಪ್ರಿಟೋರಿಯಾ ಇರುವ ಶ್ವಾನೆ, ಎರಡೂ ಮಹಾನಗರಗಳಲ್ಲಿ ಎಎನ್‌ಸಿ ಬಹುಮತ ಕಳೆದುಕೊಂಡಿತು. 2024ರಲ್ಲಿ ಗೌಟೆಂಗ್‌ನಲ್ಲಿ ಪಕ್ಷಕ್ಕೆ ಬಂದದ್ದು ಸುಮಾರು ಶೇ 35. ಆ ಹೊತ್ತಿಗೆ ಪ್ರಾಂತ್ಯದ ಹೊಣೆ ಅವರದಾಗಿರಲಿಲ್ಲ, ಜುಮಾ ಕಾಲದ ಹಗರಣಗಳ ಹೊರೆಯೂ ಇತ್ತು. ಆದರೂ ತವರಿನ ನೆಲ ಕುಸಿದಿರುವಾಗ ದೇಶವನ್ನು ಗೆಲ್ಲಿಸುವಿರಾ ಎಂಬ ಪ್ರಶ್ನೆಯನ್ನು ಪ್ರತಿನಿಧಿಗಳು ಕೇಳಿಯೇ ಕೇಳುತ್ತಾರೆ.

ಎರಡನೆಯದು ಪ್ರಾಮಾಣಿಕತೆಯ ಪ್ರಶ್ನೆ. ಉದ್ಯಮಿಗಳ ಜೊತೆಗಿನ ನಂಟು, ಕುಟುಂಬ ಬಳಸುವ ದುಬಾರಿ ಮನೆಗಳ ಬಗ್ಗೆ ಅಲ್ಲಿನ ಪತ್ರಿಕೆಗಳು ಸರಣಿಯಾಗಿ ಬರೆದಿವೆ. ತಪ್ಪು ಮಾಡಿಲ್ಲ ಎಂಬುದು ಮಶಾಟಿಲೆ ಅವರ ನಿಲುವು. ಪತ್ನಿಗೆ ಬಂದ ವಜ್ರದ ಉಡುಗೊರೆಯನ್ನು ಘೋಷಿಸದ ಕಾರಣಕ್ಕೆ 2025ರಲ್ಲಿ ಸಂಸತ್ತಿನ ನೈತಿಕತಾ ಸಮಿತಿ ಅವರಿಗೆ 10,000 ರ‍್ಯಾಂಡ್ ದಂಡ ಹಾಕಿತು. 2023ರ ಜುಲೈನಲ್ಲಿ ಅವರ ಭದ್ರತಾ ಪೊಲೀಸರು ಎನ್‌1 ಹೆದ್ದಾರಿಯಲ್ಲಿ ಕಾರಿನಲ್ಲಿದ್ದವರನ್ನು ಎಳೆದು ಒದೆಯುವ ವಿಡಿಯೊ ದೇಶವನ್ನು ಕೆರಳಿಸಿತ್ತು. ಇವುಗಳಲ್ಲಿ ಯಾವುದೂ ಅವರ ಮೇಲಿನ ಕ್ರಿಮಿನಲ್ ಆರೋಪಪಟ್ಟಿಯಲ್ಲ. ಈ ಗೆರೆ ಮುಖ್ಯ, ಏಕೆಂದರೆ ಆರೋಪಪಟ್ಟಿ ಸಲ್ಲಿಕೆಯಾದವರು ಹುದ್ದೆಯಿಂದ ಪಕ್ಕಕ್ಕೆ ಸರಿಯಬೇಕು ಎಂಬ ನಿಯಮ ಪಕ್ಷದಲ್ಲಿದೆ, ಮಗಾಶುಲೆ ಹೋದದ್ದು ಅದರಡಿಯಲ್ಲಿ. ಅದು ಅನ್ವಯವಾಗದವರೆಗೆ ಮಶಾಟಿಲೆ ಅವರನ್ನು ತಡೆಯುವ ನಿಯಮವಿಲ್ಲ.

ಪ್ರತಿಸ್ಪರ್ಧಿಗಳಾಗಿ ಕೇಳಿಬರುವ ಹೆಸರುಗಳಲ್ಲಿ ಮುಖ್ಯವಾದದ್ದು ಪ್ರಧಾನ ಕಾರ್ಯದರ್ಶಿ ಫಿಕಿಲೆ ಎಂಬಲೂಲಾ ಅವರದು. 2022ರ ಅಧಿವೇಶನಕ್ಕೆ ಮುಂಚೆ ಮಶಾಟಿಲೆ ಕೈಯಲ್ಲಿದ್ದ ಶಾಖೆಗಳ ಕಡತ ಈಗ ಇರುವುದು ಅವರ ಮೇಜಿನ ಮೇಲೆ. ಉದ್ಯಮಿ ಪ್ಯಾಟ್ರಿಸ್ ಮೊತ್ಸೆಪೆ ಹೆಸರೂ ತೇಲಿಬರುತ್ತದೆ. ಅವರು ಆಫ್ರಿಕಾ ಫುಟ್‌ಬಾಲ್ ಒಕ್ಕೂಟದ ಅಧ್ಯಕ್ಷರು, ರಾಮಫೋಸಾ ಪತ್ನಿಯ ಸಹೋದರ. ಅವರ ಬಳಿ ಹಣವಿದೆ, ಶಾಖೆಗಳಿಲ್ಲ.

200 ಮತ್ತು 201

ಇನ್ನು ಹೊಸ ಲೆಕ್ಕಕ್ಕೆ ಬರೋಣ. 2024ರ ಮೇ 29ರ ಚುನಾವಣೆಯಲ್ಲಿ ಎಎನ್‌ಸಿಗೆ ಸಿಕ್ಕಿದ್ದು ಶೇ 40ರಷ್ಟು ಮತ, 159 ಸ್ಥಾನ. ಆವರೆಗಿನ ಮುಖ್ಯ ವಿರೋಧ ಪಕ್ಷ ಡೆಮಾಕ್ರಟಿಕ್ ಅಲಯನ್ಸ್ 87, ಜುಮಾ ಹೊಸದಾಗಿ ಕಟ್ಟಿದ ಎಂಕೆ ಪಕ್ಷ 58, ಜೂಲಿಯಸ್ ಮಲೆಮಾ ಅವರ ಇಎಫ್‌ಎಫ್ 39. ಎಎನ್‌ಸಿ, ಡೆಮಾಕ್ರಟಿಕ್ ಅಲಯನ್ಸ್ ಮತ್ತು ಎಂಟು ಸಣ್ಣ ಪಕ್ಷಗಳು ಸೇರಿ ರಾಷ್ಟ್ರೀಯ ಏಕತಾ ಸರ್ಕಾರ ರಚಿಸಿದವು. ಒಟ್ಟು 287.

ಈ 287ರಿಂದ ಡೆಮಾಕ್ರಟಿಕ್ ಅಲಯನ್ಸ್‌ನ 87 ಕಳೆಯಿರಿ. ಉಳಿಯುವುದು ಸರಿಯಾಗಿ 200. ಬಹುಮತಕ್ಕೆ ಬೇಕಾದದ್ದು 201. ಬದಲಿಗೆ ಇಎಫ್‌ಎಫ್ ಜೊತೆ ಮಾತ್ರ ಹೋದರೆ 159ಕ್ಕೆ 39 ಸೇರಿ 198, ಮೂರು ಕಡಿಮೆ. ಎಂಕೆ ಜೊತೆ ಹೋದರೆ 217, ಗೆರೆ ದಾಟುತ್ತದೆ. ಆದರೆ ಅದು ಎಎನ್‌ಸಿ ತನ್ನಿಂದ ಹೊರಹಾಕಿದ ಜುಮಾ ಅವರ ಮನೆಬಾಗಿಲಿಗೆ ಹೋಗಿ ನಿಂತಂತೆ.

ಒಂದು ಸ್ಥಾನದ ಕೊರತೆ ಏನು ಮಾಡಬಲ್ಲದು ಎಂಬುದು 2025ರ ಬಜೆಟ್‌ನಲ್ಲಿ ಕಂಡಿತು. ವ್ಯಾಟ್ ಅನ್ನು ಶೇ 15ರಿಂದ 17ಕ್ಕೆ ಏರಿಸುವ ಪ್ರಸ್ತಾವದಿಂದ ಫೆಬ್ರವರಿ 19ರ ಬಜೆಟ್ ಮಂಡನೆಯೇ ಮುಂದಕ್ಕೆ ಹೋಯಿತು. ಏರಿಕೆಯನ್ನು ಎರಡು ಕಂತುಗಳಲ್ಲಿ ಅರ್ಧರ್ಧ ಶೇಕಡಾ ಎಂದು ಇಳಿಸಿದರೂ ಡೆಮಾಕ್ರಟಿಕ್ ಅಲಯನ್ಸ್ ಒಪ್ಪಲಿಲ್ಲ, ಸರ್ಕಾರದಲ್ಲಿದ್ದುಕೊಂಡೇ ವಿರುದ್ಧ ಮತ ಹಾಕಿತು. ಏಪ್ರಿಲ್ 2ರಂದು ಬಜೆಟ್ ಚೌಕಟ್ಟು 194–182ರಲ್ಲಿ ಪಾಸಾಯಿತು, ಅದೂ ಸರ್ಕಾರದ ಹೊರಗಿದ್ದ ಆ್ಯಕ್ಷನ್ ಎಸ್‌ಎ ಪಕ್ಷದ ನೆರವಿನಿಂದ. ಅದೇ ತಿಂಗಳ 24ರಂದು ಹಣಕಾಸು ಸಚಿವರು ವ್ಯಾಟ್ ಏರಿಕೆಯನ್ನೇ ಕೈಬಿಟ್ಟರು.

ಮಶಾಟಿಲೆ ಅವರಿಗೆ ಇದರ ಪರಿಣಾಮ ನೇರವಾಗಿದೆ. 2027ರ ಡಿಸೆಂಬರ್‌ನಲ್ಲಿ ಪಕ್ಷದ ಅಧ್ಯಕ್ಷರಾದರೂ, ಎಂಬೆಕಿ ಮತ್ತು ಜುಮಾ ಅವರಿಗೆ ಆದಂತೆ ರಾಮಫೋಸಾ ಅವರನ್ನು ಇಳಿಸಲು ಎಎನ್‌ಸಿಯ 159 ಸಾಲದು. ಅವಿಶ್ವಾಸಕ್ಕೆ ಒಟ್ಟು ಸದಸ್ಯರಲ್ಲಿ 201 ಜನರ ಬೆಂಬಲ ಬೇಕು. ರಾಮಫೋಸಾ ತಾವಾಗಿ ರಾಜೀನಾಮೆ ಕೊಟ್ಟರೆ ಉಪಾಧ್ಯಕ್ಷರೇ ಹಂಗಾಮಿಯಾಗುತ್ತಾರೆ, 30 ದಿನಗಳೊಳಗೆ ಅಸೆಂಬ್ಲಿ ಹೊಸಬರನ್ನು ಆರಿಸಬೇಕು. ಆ ಚುನಾವಣೆಯಲ್ಲಿ 201ರ ಕಟ್ಟುಪಾಡಿಲ್ಲ, ಚಲಾವಣೆಯಾದ ಮತಗಳಲ್ಲಿ ಬಹುಮತ ಸಾಕು. 2024ರ ಜೂನ್ 14ರಂದು ರಾಮಫೋಸಾ 283–44ರಲ್ಲಿ ಗೆದ್ದಾಗ ಎಂಕೆ ಸದಸ್ಯರು ಸದನದಲ್ಲೇ ಇರಲಿಲ್ಲ. ಮತ ಗುಪ್ತ, ನಡೆಸುವವರು ಮುಖ್ಯ ನ್ಯಾಯಮೂರ್ತಿ. ಯಾರು ಯಾರಿಗೆ ಹಾಕಿದರು ಎಂದು ಪಕ್ಷದ ಸಚೇತಕರಿಗೆ ತಿಳಿಯುವುದಿಲ್ಲ. ಪಕ್ಷದೊಳಗೆ ಸೋತ ಬಣಕ್ಕೂ ಅದು ಅವಕಾಶವೇ.

ಇಲ್ಲಿ ಒಂದು ಮಾತು ಮಶಾಟಿಲೆ ಅವರ ಪರವಾಗಿ ಹೇಳಬೇಕು. ಮೈತ್ರಿಕೂಟದ ಜಗಳ ಬಿಡಿಸಲು ರಚಿಸಿದ ‘ಕ್ಲಿಯರಿಂಗ್ ಹೌಸ್’ ವ್ಯವಸ್ಥೆಯ ಅಧ್ಯಕ್ಷತೆ ಅವರದು, ಸಂಸತ್ತಿನಲ್ಲಿ ಸರ್ಕಾರದ ಕಲಾಪಗಳ ನಾಯಕರೂ ಅವರೇ. ಎದುರಾಳಿ ಪಕ್ಷಗಳ ಜೊತೆ ಹೀಗೆ ಕೂರುವ ಅವಕಾಶ ಎಂಬಲೂಲಾ ಅವರಿಗಿಲ್ಲ, ಮೊತ್ಸೆಪೆ ಅವರಿಗೂ ಇಲ್ಲ. ಆದರೆ ಅಲ್ಲಿ ತೋರುವ ಸೌಮ್ಯತೆ ಶಾಖೆಗಳಲ್ಲಿ ದೌರ್ಬಲ್ಯವಾಗಿ ಕಾಣುತ್ತದೆ. ಡೆಮಾಕ್ರಟಿಕ್ ಅಲಯನ್ಸ್ ಜೊತೆಗಿನ ಸಂಸಾರ ಬೇಡ ಎನ್ನುವ ಪ್ರತಿನಿಧಿಗಳ ಮತವೂ ಅವರಿಗೆ ಬೇಕು, ಆ ಪಕ್ಷದ 87 ಸದಸ್ಯರ ಒಪ್ಪಿಗೆಯೂ ಬೇಕು. ಒಂದು ಕಡೆ ಆಡಿದ ಮಾತು ಇನ್ನೊಂದು ಕಡೆ ಕೇಳಿಸುತ್ತದೆ.

ಮೊದಲು ಬರುವುದು ವಾರ್ಡಿನ ಚುನಾವಣೆ

ಹಿಂದಿನ ಸ್ಥಳೀಯ ಚುನಾವಣೆ ನಡೆದದ್ದು 2021ರ ನವೆಂಬರ್ 1ರಂದು. ಐದು ವರ್ಷದ ಅವಧಿ ಮುಗಿದ 90 ದಿನಗಳೊಳಗೆ ಮುಂದಿನದು ನಡೆಯಬೇಕಾದ್ದರಿಂದ 2027ರ ಜನವರಿ ಅಂತ್ಯವೇ ಗಡುವು. 2021ರಲ್ಲಿ ಎಎನ್‌ಸಿಗೆ ದೇಶದಾದ್ಯಂತ ಬಂದದ್ದು ಸುಮಾರು ಶೇ 46, ಜೊಹಾನ್ಸ್‌ಬರ್ಗ್‌ನಲ್ಲಿ ಶೇ 34ರ ಆಸುಪಾಸು. ಇದಕ್ಕಿಂತ ಇಳಿದರೆ ಕೌನ್ಸಿಲರ್ ಹುದ್ದೆ ಕಳೆದುಕೊಳ್ಳುವವರು ಶಾಖೆಗಳನ್ನು ನಡೆಸುವವರೇ. ಕೌನ್ಸಿಲರ್ ಸಂಬಳದಲ್ಲಿ ಶಾಖೆಯ ಖರ್ಚು ನಡೆಯುವ ವಾರ್ಡುಗಳಲ್ಲಿ ಸದಸ್ಯತ್ವ ನವೀಕರಣ ನಿಲ್ಲುತ್ತದೆ, ನೂರರ ಕನಿಷ್ಠ ಸಂಖ್ಯೆ ತಪ್ಪುತ್ತದೆ, ಪ್ರತಿನಿಧಿಯನ್ನು ಕಳಿಸುವ ಹಕ್ಕು ಹೋಗುತ್ತದೆ. ಆಗ ಅಧಿವೇಶನದಲ್ಲಿ ಗ್ರಾಮೀಣ ಪ್ರಾಂತ್ಯಗಳ ತೂಕ ಹೆಚ್ಚುತ್ತದೆ. 2022ರಲ್ಲಿ ಮಬುಯಾನೆ ಹಿಂದೆ ನಿಂತಿದ್ದ ಈಸ್ಟರ್ನ್ ಕೇಪ್ ಅಂಥದೊಂದು ಪ್ರಾಂತ್ಯ.

ಗೌಟೆಂಗ್ ಮತ್ತು ಕ್ವಾಜುಲು-ನಟಾಲ್ ಘಟಕಗಳನ್ನು ಪಕ್ಷದ ಕೇಂದ್ರ ಸಮಿತಿ 2025ರ ಆರಂಭದಲ್ಲೇ ಪುನರ್‌ರಚಿಸಿತು. ಎರಡನೆಯದರಲ್ಲಿ 2024ರ ಮತ ಶೇ 17ಕ್ಕೆ ಕುಸಿದಿತ್ತು. ಕೇಂದ್ರದಿಂದ ಬಂದವರು ಸೇರಿಕೊಂಡ ಪ್ರಾಂತ್ಯಗಳಲ್ಲಿ ಯಾವ ಶಾಖೆ ಊರ್ಜಿತ, ಯಾವುದು ಅಲ್ಲ ಎಂಬ ತೀರ್ಮಾನದ ಮೇಲೆ ಪ್ರಧಾನ ಕಾರ್ಯದರ್ಶಿ ಕಚೇರಿಯ ಹಿಡಿತ ಬಿಗಿಯಾಗುತ್ತದೆ. ಮಶಾಟಿಲೆ ಹತ್ತು ವರ್ಷ ಆಳಿದ ಪ್ರಾಂತ್ಯದಲ್ಲಿ, ಅವರದೇ ಶಾಖೆಗಳ ಕೋರಂ ಪಟ್ಟಿಯನ್ನು ಈ ಸಲ ಪರಿಶೀಲಿಸುವವರು ಬೇರೆಯವರು.